ಎಮಿಲಿ ಡಿಕಿನ್‌ಸನ್ ಮತ್ತು ಮ್ಯಾಗಿ: ಗೆಳೆತನಕ್ಕೆ ಪುರಾವೆ ಏನಿದೆ?

ಅಮೆರಿಕದ ಕವಿ ಎಮಿಲಿ ಡಿಕಿನ್‌ಸನ್‌ಗೂ ಮನೆಗೆಲಸದ ಮಾರ್ಗರೆಟ್ (ಮ್ಯಾಗಿ) ಮಾಹರ್‌ಗೂ ನಿಜಕ್ಕೂ ಗೆಳೆತನವಿತ್ತೇ, ಇಲ್ಲ ಇದು ಈಗಿನವರು ಕಟ್ಟಿದ ಕಥೆಯೇ ಎಂದು ಕೇಳಿದ್ದೀರಿ. ಇತ್ತು ಎಂದೇ ನನ್ನ ಉತ್ತರ. ಆದರೆ ಒಬ್ಬರು ಸಂಬಳ ಕೊಡುವ ಮನೆಯವರು, ಇನ್ನೊಬ್ಬರು ಪಡೆಯುವವರು ಎಂಬುದನ್ನು ಬಿಟ್ಟು ನೋಡುವ ಹಾಗಿಲ್ಲ.

ಐರ್ಲೆಂಡಿನ ಟಿಪ್ಪರೇರಿಯಿಂದ ಬಂದ ಮ್ಯಾಗಿ, ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿದ್ದ ಡಿಕಿನ್‌ಸನ್ ಮನೆಗೆ ಸೇರಿದ್ದು 1869ರಲ್ಲಿ. ಮೊದಮೊದಲು ಬಿಟ್ಟುಹೋಗುವ ಮನಸ್ಸೇ ಇತ್ತು. ಎಮಿಲಿಯ ತಂದೆ ಪಟ್ಟು ಹಿಡಿದು ಉಳಿಸಿಕೊಂಡರು. ಶುರುವಾದದ್ದು ಹೀಗೆ, ಪ್ರೀತಿಯಿಂದಲ್ಲ.

ನನಗೆ ಗಟ್ಟಿ ಅನಿಸುವ ಪುರಾವೆ ಒಂದು ಟ್ರಂಕು. ಎಮಿಲಿ ತೀರಿಕೊಂಡ ಮೇಲೆ ಆಕೆಯ ತಂಗಿ ಲವೀನಿಯಾ ಜಮೀನಿನ ವ್ಯಾಜ್ಯವೊಂದನ್ನು ಹೂಡಿದಳು. ಅದರಲ್ಲಿ ಸಾಕ್ಷಿ ಹೇಳಿದ ಮ್ಯಾಗಿ, ಸಣ್ಣ ಸಣ್ಣ ಕಟ್ಟುಗಳಾಗಿ ದಾರ ಹಾಕಿದ್ದ ಕವಿತೆಗಳನ್ನು ಎಮಿಲಿ ನನ್ನ ಟ್ರಂಕಿನಲ್ಲಿ ಇಡುತ್ತಿದ್ದಳು ಎಂದಳು. ಬದುಕಿದ್ದಾಗ ಹತ್ತು ಹನ್ನೊಂದು ಕವಿತೆಗಳನ್ನಷ್ಟೇ ಅಚ್ಚಿನಲ್ಲಿ ಕಂಡವಳು, ಬರೆದದ್ದು ಸುಮಾರು 1,800. ಅವನ್ನು ಕೆಲಸದಾಕೆಯ ಪೆಟ್ಟಿಗೆಗೆ ಹಾಕುವುದು ಬಾಯಿಮಾತಿನ ಸಲುಗೆಯಲ್ಲ.

ಎರಡನೆಯದು 1882ರ ಚೀಟಿ. ಟೈಫಾಯ್ಡ್ ಬಂದು ಮ್ಯಾಗಿ ತನ್ನವರ ಮನೆಯಲ್ಲಿ ಮಲಗಿದ್ದಾಗ ಎಮಿಲಿ ಬರೆದದ್ದು: ನೀನಿಲ್ಲದೆ ಇಲ್ಲಿ ಸೂತಕ, ಕಪ್ಪು ಬಟ್ಟೆ ತರಲು ಅಂಗಡಿಗೆ ಹೊರಟಿದ್ದೇನೆ, ಎಲ್ಲರೂ ತುಂಟರಾಗಿದ್ದಾರೆ, ನಾನಂತೂ ಎಲ್ಲರಿಗಿಂತ ಹೆಚ್ಚು, ಬೆಕ್ಕುಗಳು ಈಗ ಶೆರ್ರಿ ವೈನ್ ಕುಡಿಯುತ್ತಿವೆ. (ಭಾವ ಮಾತ್ರ ಕೊಟ್ಟಿದ್ದೇನೆ.) ಯಜಮಾನಿ ಆಳಿಗೆ ಬರೆಯುವ ಧಾಟಿ ಇದಲ್ಲ.

1886ರ ಅಂತ್ಯಕ್ರಿಯೆಯೂ ಇದೆ. ಎಮಿಲಿಯ ಇಚ್ಛೆಯಂತೆ, ಮನೆಯಲ್ಲಿ ದುಡಿದಿದ್ದ ಆರು ಮಂದಿ ಐರಿಶ್ ಕೆಲಸಗಾರರು ಶವಪೆಟ್ಟಿಗೆಗೆ ಹೆಗಲು ಕೊಟ್ಟು, ಹಿತ್ತಿಲ ಬಾಗಿಲಿನಿಂದ ಹೊಲ ದಾಟಿ ಸ್ಮಶಾನಕ್ಕೆ ಒಯ್ದರು. ಮುಂದಾಳು ಥಾಮಸ್ ಕೆಲ್ಲಿ, ಮ್ಯಾಗಿಯ ಅಕ್ಕನ ಗಂಡ. ಊರಿನ ಗಣ್ಯರ ನಡುವೆ ಐರಿಶ್ ಕ್ಯಾಥೊಲಿಕರನ್ನು ಕೀಳಾಗಿ ನೋಡುತ್ತಿದ್ದ ಕಾಲ ಅದು.

ಕೆಲಸದಾಕೆ ಇದ್ದದ್ದರಿಂದಲೇ ಎಮಿಲಿ ಬರೆಯಲು ಸಾಧ್ಯವಾಯಿತು ಎಂಬ ಒಂದು ವಾದವನ್ನು ಮಾತ್ರ ಹುಷಾರಾಗಿ ಬಳಸಿ. ಹಿಂದಿನ ಕೆಲಸದಾಕೆ 1865ರಲ್ಲಿ ಮದುವೆಯಾಗಿ ಹೋದಳು. ಆ ವರ್ಷ ಇನ್ನೂರು ದಾಟಿದ್ದ ಕವಿತೆಗಳು ಮರುವರ್ಷ ಹತ್ತರ ಆಸುಪಾಸಿಗೆ ಇಳಿದವು. ಪಾತ್ರೆ, ಬಟ್ಟೆ, ಒಲೆ ಮೈಮೇಲೆ ಬಿದ್ದರೆ ಬರವಣಿಗೆ ನಿಲ್ಲುತ್ತದೆ, ಒಪ್ಪುತ್ತೇನೆ. ಆದರೆ 1864, 65ರಲ್ಲಿ ಎಮಿಲಿ ಕಣ್ಣಿನ ಚಿಕಿತ್ಸೆಗೆ ಬಾಸ್ಟನ್ ಕಡೆ ತಿಂಗಳುಗಟ್ಟಲೆ ಇದ್ದಳು, ಮತ್ತು ಹೆಚ್ಚಿನ ಕವಿತೆಗಳಿಗೆ ವಿದ್ವಾಂಸರು ತಾರೀಖು ಹಾಕಿದ್ದು ಕೈಬರಹ, ಕಾಗದಗಳನ್ನು ನೋಡಿ, ಅಂದಾಜಿನ ಮೇಲೆ.