ಎರಡು ತಾಣಗಳ ಕ್ಲಸ್ಟರ್‌ಗೆ ಸ್ಟೋರೇಜ್ ರೆಪ್ಲಿಕೇಶನ್: ಸಿಂಕ್ರೊನಸ್ ಬೇಕೇ, ಅಸಿಂಕ್ರೊನಸ್ ಸಾಕೇ?

ಒಂದಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು (ಕ್ಲಸ್ಟರ್) ಎರಡು ತಾಣಗಳಲ್ಲಿ ಹರಡಿದ್ದಾಗ, ಒಂದು ಕಡೆಯ ದತ್ತಾಂಶವನ್ನು ಇನ್ನೊಂದು ಕಡೆಗೆ ನಕಲಿಸುವ (ರೆಪ್ಲಿಕೇಶನ್) ವಿಧಾನವನ್ನು ಮುಖ್ಯವಾಗಿ ನಿರ್ಧರಿಸುವುದು ತಾಣಗಳ ನಡುವಿನ ದೂರ. ಸಿಂಕ್ರೊನಸ್ ವಿಧಾನದಲ್ಲಿ ದತ್ತಾಂಶ ಎರಡೂ ಕಡೆ ದಾಖಲಾದ ಮೇಲಷ್ಟೇ ಅಪ್ಲಿಕೇಶನ್‌ಗೆ ದೃಢೀಕರಣ ಸಿಗುವುದರಿಂದ, ಒಂದು ತಾಣ ಬಿದ್ದರೂ ನಷ್ಟವಿಲ್ಲ. ಆದರೆ ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಮಾತ್ರ ಸಾಗುವ ಕಾರಣ, 100 ಕಿ.ಮೀ. ದೂರಕ್ಕೆ ಹೋಗಿಬರುವಷ್ಟರಲ್ಲೇ ದತ್ತಾಂಶದ ಪ್ರತಿ ಬರಹಕ್ಕೂ ಒಂದು ಮಿಲಿಸೆಕೆಂಡ್ ಕಳೆದಿರುತ್ತದೆ. ವಿಂಡೋಸ್ ಸರ್ವರ್‌ನ ರೆಪ್ಲಿಕೇಶನ್ ಸೌಲಭ್ಯವಾದ ಸ್ಟೋರೇಜ್ ರೆಪ್ಲಿಕಾದಲ್ಲಿ ಸಿಂಕ್ರೊನಸ್‌ಗೆ ಹೋಗಿಬರುವ ಸಮಯ ಸರಾಸರಿ 5 ಮಿಲಿಸೆಕೆಂಡ್ ಮೀರಬಾರದೆಂಬ ಶಿಫಾರಸಿದೆ. ಮೀರಿದರೆ, ಇನ್ನೊಂದು ಕಡೆ ದಾಖಲಾಗುವವರೆಗೆ ಕಾಯದ ಅಸಿಂಕ್ರೊನಸ್ ಆರಿಸಿ, ಕೊನೆಯ ಕ್ಷಣಗಳ ಬರಹ ಕಳೆದುಹೋಗಬಹುದೆಂದು ಮೊದಲೇ ಒಪ್ಪಿಕೊಳ್ಳಬೇಕು. ಯಾವ ವಿಧಾನವಾದರೂ, ಬರಹಗಳು ಮೊದಲು ದಾಖಲಾಗುವ ಲಾಗ್‌ಗೆ ಪ್ರತ್ಯೇಕವಾದ, ವೇಗದ ವಾಲ್ಯೂಮ್ (ಡಿಸ್ಕ್ ಭಾಗ) ಕೊಡಿ. (ಅಂದಹಾಗೆ, ರೆಪ್ಲಿಕೇಶನ್ ಬ್ಯಾಕಪ್‌ಗೆ ಬದಲಿಯಲ್ಲ, ಇಲ್ಲಿ ಅಳಿಸಿದ ಫೈಲ್ ಅಲ್ಲಿಯೂ ಅಳಿಯುತ್ತದೆ.) ಬಹಳಷ್ಟು ಮಂದಿ ಕಡೆಗಣಿಸುವುದು ವಿಟ್ನೆಸ್ ಅನ್ನು, ಅಂದರೆ ಯಾವ ತಾಣ ಮುಂದುವರಿಯಬೇಕೆಂದು ನಿರ್ಧರಿಸಲು ನೆರವಾಗುವ ಹೆಚ್ಚುವರಿ ಮತವನ್ನು: ಅದನ್ನು ಮೂರನೆಯ ತಾಣದಲ್ಲಿಡದೆ ಎರಡರಲ್ಲೊಂದರಲ್ಲೇ ಇಟ್ಟರೆ, ಆ ತಾಣ ಬಿದ್ದಾಗ ಕೋರಂ (ಕ್ಲಸ್ಟರ್ ನಡೆಯಲು ಬೇಕಾದ ಬಹುಮತ) ತಪ್ಪಿ ಇನ್ನೊಂದೂ ನಿಂತುಬಿಡಬಹುದು.