ಮಾಡು ಉಳಿದರೆ ಸಾಕೇ?

(ಬದಿಯಡ್ಕದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಮಗಳ ಮನೆಗೆಂದು ನ್ಯೂಯಾರ್ಕಿಗೆ ಹೋದಾಗ ಕಲಾವಿದರ ಕೇರಿಯೆಂದು ಹೆಸರಾದ ಗ್ರೀನಿಚ್ ವಿಲೇಜ್ ನೋಡಿದೆ. ಕಟ್ಟಡಗಳು ಹಾಗೇ ಇವೆ, ಹೆಸರು ಕೇಳಿದ್ದ ಕವಿಗಳೂ ಹಾಡುಗಾರರೂ ಇಲ್ಲ. ಕಾಸರಗೋಡಿನ ಹಳೆಯ ಕಟ್ಟಡ ಉಳಿಸಿ ಎಂದು ಬರೆಯುತ್ತೀರಲ್ಲ, ಉಳಿಸಿ ಏನು ಬಂತು? ಪೇಟೆಯಲ್ಲಿ ನನ್ನದೇ ಹಳೆಯ ಅಂಗಡಿಕೋಣೆ ಖಾಲಿ ಬಿದ್ದಿದೆ.”)

ಮಾಷ್ಟ್ರೇ, ನಮಸ್ಕಾರ.

ನೀವು ಕಂಡದ್ದು ನಿಜ. 1950ರ ದಶಕದಲ್ಲಿ ಅಲ್ಲಿನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ನಡುವೆಯೇ ರಸ್ತೆ ಹಾಯಿಸಲು ರಾಬರ್ಟ್ ಮೋಸೆಸ್ ಎಂಬ ಬಲಾಢ್ಯ ಅಧಿಕಾರಿ ಹೊರಟಾಗ, ಮಕ್ಕಳನ್ನು ಅಲ್ಲಿ ಆಡಿಸುತ್ತಿದ್ದ ತಾಯಂದಿರು ಎದ್ದು ನಿಂತು ತಡೆದರು. 1961ರಲ್ಲಿ, ಮುಂದೆ ಜಗತ್ತೇ ಬಲ್ಲ ಹಾಡುಗಾರನಾದ 19ರ ಹುಡುಗ ಬಾಬ್ ಡಿಲನ್ ಬಂದು ಪರಿಚಯದವರ ಮನೆಗಳಲ್ಲಿ ಮಲಗುತ್ತಾ ಮ್ಯಾಕ್‌ಡೂಗಲ್ ಬೀದಿಯ ಕಾಫಿ ಅಂಗಡಿಗಳಲ್ಲಿ ಹಾಡತೊಡಗಿದ. 1969ರಲ್ಲಿ ಕೇರಿಯ ಬಹುಭಾಗಕ್ಕೆ ಪಾರಂಪರಿಕ ರಕ್ಷಣೆ ಸಿಕ್ಕಿತು. ಆ ಕಾನೂನು ಇಟ್ಟಿಗೆಯನ್ನು ಕಾಯಿತು. ಬಾಡಿಗೆ ಏರಿದಾಗ ಬಾಡಿಗೆದಾರನನ್ನು ಕಾಯುವುದು ಅದರ ಕೈಯಲ್ಲಿರಲಿಲ್ಲ.

ಅದೇ ಕೇರಿಯ ಹಡ್ಸನ್ ಬೀದಿಯಲ್ಲಿದ್ದ, ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ ಹೇಳಿದ್ದೂ ಇದನ್ನೇ: ಊರಿಗೆ ಹಳೆಯ ಕಟ್ಟಡ ಬೇಕು, ಯಾಕೆಂದರೆ ಕೈಯಲ್ಲಿ ಕಾಸಿಲ್ಲದವನು ಹೊಸತೊಂದನ್ನು ಶುರುಮಾಡುವುದು ಅಲ್ಲಿನ ಕಡಿಮೆ ಬಾಡಿಗೆಯಲ್ಲಿ ಮಾತ್ರ.

ನಮ್ಮ ಪತ್ರಿಕೆಯ ಮೊದಲ ಕಚೇರಿಗೆ ನೀವು ಬಂದಿದ್ದಿರಿ. ಕಾಸರಗೋಡಿನ ಹಳೆಯ ಬಸ್ ನಿಲ್ದಾಣದ ಹತ್ತಿರ, ಹಂಚಿನ ಮಾಳಿಗೆ. ಮರದ ಮೆಟ್ಟಿಲಿನಲ್ಲಿ ಮೂರನೆಯದು ಅಲುಗುತ್ತಿತ್ತು, ಹೊಸಬರಿಗೆ ಮೇಲಿನಿಂದಲೇ ಕೂಗಿ ಹೇಳುತ್ತಿದ್ದೆವು. ಕೆಳಗೆ ಹೋಟೆಲು. ಒಂದು ಚಾಕ್ಕೆ ಎರಡು ಗಂಟೆ ಕೂತರೂ ಯಜಮಾನರು ಏಳಿ ಎಂದವರಲ್ಲ. ನಾನು ಪ್ರೂಫ್ ತಿದ್ದುವ ಮೇಜಿನಲ್ಲೇ ಅರ್ಥಧಾರಿಗಳು ಆ ರಾತ್ರಿಯ ತಾಳಮದ್ದಳೆಗೆ ಕರ್ಣ ಯಾರು, ಕೃಷ್ಣ ಯಾರು ಎಂದು ನಿಶ್ಚಯ ಮಾಡುತ್ತಿದ್ದರು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಬೆಂಚಿನಲ್ಲಿ. ಮಾಳಿಗೆಯ ಬಾಡಿಗೆ ಚಂದಾ ಹಣದಲ್ಲೇ ತೀರುತ್ತಿತ್ತು.

ಆ ಕಟ್ಟಡ ಇವತ್ತಿಗೂ ಗಟ್ಟಿಯಾಗಿದೆ, ಕೆಳಗೆ ಮೊಬೈಲ್ ಅಂಗಡಿ. ನಾವು ಇಳಿದು ಬಂದದ್ದು ಮಾಡು ಸೋರಿ ಅಲ್ಲ, ಬಾಡಿಗೆ ಕೊಡಲಾಗದೆ. ಕಟ್ಟಡ ಉಳಿಸಿ ಎಂದಷ್ಟೇ ಬರೆದ ನನ್ನ ಲೇಖನದಲ್ಲಿ ಈ ಮಾತು ಬರಬೇಕಿತ್ತು. ಬರಲಿಲ್ಲ, ಅದು ನನ್ನ ತಪ್ಪು. ಆದರೆ ಕೆಡವಿದ ಮೇಲೆ ಬಾಡಿಗೆಯ ಮಾತಾಡಲಿಕ್ಕೂ ಏನೂ ಇರುವುದಿಲ್ಲ. ಹೆದ್ದಾರಿ 66 ಅಗಲವಾದಾಗ ಬದಿಯ ಅಂಗಡಿಸಾಲುಗಳು ಹೋದದ್ದನ್ನು ಇಬ್ಬರೂ ಕಂಡಿದ್ದೇವೆ.

ನಿಮ್ಮ ಆ ಅಂಗಡಿಕೋಣೆಯ ಬೀಗವನ್ನು ವಾರಕ್ಕೊಂದು ಸಂಜೆ ತೆಗೆಯಬಹುದೇ? ತಾಳಮದ್ದಳೆ ಅಭ್ಯಾಸಕ್ಕೆ ಜಾಗ ಹುಡುಕುತ್ತಿರುವ ಐದಾರು ಹುಡುಗರು ನನಗೆ ಗೊತ್ತು. ಮದ್ದಳೆ ಅವರ ಹತ್ತಿರವೇ ಇದೆ.