ಗಂಟೆ ಲೆಕ್ಕದ ಸಂಬಳ: ಕೈಗೆ ಬರುವುದೆಷ್ಟು, ಹಿಡಿಯುವುದೆಷ್ಟು?

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಸಂಜೆ 4ರಿಂದ 9.30ರವರೆಗೆ ಬಿಲ್ಲಿಂಗ್ ಕೆಲಸ. ಗಂಟೆಗೆ 80 ರೂಪಾಯಿ. ಕಳೆದ ತಿಂಗಳು 26 ದಿನ ಹೋಗಿದ್ದೆ. ನನ್ನ ಲೆಕ್ಕಕ್ಕೆ 11,024 ಆಗಬೇಕಿತ್ತು, ಖಾತೆಗೆ ಬಂದಿದ್ದು 9,981. ಇಷ್ಟು ಸಂಬಳಕ್ಕೂ ಟ್ಯಾಕ್ಸ್ ಹಿಡಿಯುತ್ತಾರಾ? ಚಿಕ್ಕಮಗಳೂರಿನ ಕಾಲೇಜಿನಲ್ಲಿ ಗಂಟೆ ಲೆಕ್ಕಕ್ಕೆ ಪಾಠ ಮಾಡುವ ನನ್ನ ಅಕ್ಕನಿಗೂ ಶೇ 10 ಕಡಿತ. ಅದೂ ಇದೇನಾ?

ಉತ್ತರ: ಮೊದಲು ನಿಮ್ಮ ಗುಣಾಕಾರ ಸರಿ ಮಾಡಿಕೊಳ್ಳೋಣ. ಐದೂವರೆ ಗಂಟೆಯನ್ನು 5.30 ಎಂದು ಹಾಕಿದ್ದೀರಿ, ಅದು 5.5 ಆಗಬೇಕು. ನಿಮಿಷವನ್ನು 60ರಿಂದ ಭಾಗಿಸಿಯೇ ಬರೆಯಬೇಕು: 15 ನಿಮಿಷ 0.25, 40 ನಿಮಿಷ 0.67. ಹಾಗಾದರೆ 5.5 × 26 = 143 ಗಂಟೆ, ಸಂಬಳ 11,440 ರೂಪಾಯಿ. ನಿಮ್ಮದೇ 416 ರೂಪಾಯಿಯನ್ನು ನೀವೇ ಬಿಟ್ಟುಬಿಟ್ಟಿದ್ದಿರಿ.

ಅಂದರೆ ಕಡಿತವಾಗಿದ್ದು 1,459. ಪಿಎಫ್ (ಭವಿಷ್ಯ ನಿಧಿ) ಶೇ 12ರಂತೆ 1,373, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಶೇ 0.75ರಂತೆ 86 (85.80 ಬಂದರೂ ಇಎಸ್‌ಐಯಲ್ಲಿ ಮುಂದಿನ ರೂಪಾಯಿಗೇ ಏರಿಸುತ್ತಾರೆ). ನಿಮಗೆ ಬಂದ ಮೊತ್ತಕ್ಕೆ ಇದು ರೂಪಾಯಿಗೆ ರೂಪಾಯಿ ತಾಳೆಯಾಗುತ್ತದೆ. ಇದರಲ್ಲಿ ತೆರಿಗೆ ಒಂದು ಪೈಸೆಯೂ ಇಲ್ಲ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಶುರುವಾಗುವುದು ತಿಂಗಳಿಗೆ 25,000 ಸಂಬಳದಿಂದ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಿಮ್ಮ ವರ್ಷದ ಸಂಬಳ 1,37,280.

ಹಿಡಿದ ಹಣ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಮಾತ್ರ ಖಂಡಿತ ನೋಡಿ. ಯುಎಎನ್ (ನಿಮ್ಮ ಪಿಎಫ್ ಖಾತೆಯ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ತೆರೆದರೆ ನಿಮ್ಮ 1,373ರ ಪಕ್ಕ ಮಾಲೀಕರ ಪಾಲು 420 ಎಂದಷ್ಟೇ ಕಾಣುತ್ತದೆ. ಗಾಬರಿ ಬೇಡ, ಅವರ ಪಾಲಿನ ಉಳಿದ 953 ಪಿಂಚಣಿ ಖಾತೆಗೆ ಹೋಗಿರುತ್ತದೆ. ಇಎಸ್‌ಐಗೆ ನಿಮ್ಮ ಹೆಸರಿನಲ್ಲಿ ವಿಮಾ ಸಂಖ್ಯೆ ಇರಬೇಕು, ಕೇಳಿ ಪಡೆಯಿರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದು ರಜೆ ಹಾಕಿದರೂ ಕೂಲಿಯ ಶೇ 70 ಸಿಗುತ್ತದೆ. ತಿಂಗಳಿಗೆ 26 ದಿನ ಹೋಗುವ ನಿಮಗೆ ಮೂರೇ ತಿಂಗಳಿಗೆ 78 ದಿನ ಆಗುತ್ತದೆ. ಆ 86 ರೂಪಾಯಿಯನ್ನು ನಷ್ಟ ಎಂದುಕೊಳ್ಳಬೇಡಿ.

ಇನ್ನೊಂದು ಮಾತು. ಯಾವುದಾದರೂ ತಿಂಗಳು 26 ದಿನ ಹೋಗಿಯೂ ಕೈಗೆ 9,074ರ ಆಸುಪಾಸು ಬಂದರೆ, ದಿನಕ್ಕೆ ಅರ್ಧ ಗಂಟೆಯ ಟೀ ವಿರಾಮವನ್ನು ಸಂಬಳದಿಂದ ಕಳೆದು 130 ಗಂಟೆ ಹಿಡಿದಿದ್ದಾರೆ ಎಂದರ್ಥ. ವಿರಾಮಕ್ಕೆ ಸಂಬಳ ಉಂಟೋ ಇಲ್ಲವೋ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಬಂದ ಹೊತ್ತು, ಹೊರಟ ಹೊತ್ತು ದಿನಾ ಡೈರಿಯಲ್ಲಿ ಬರೆದಿಡಿ.

ನಿಮ್ಮ ಅಕ್ಕನದು ಬೇರೆ ಕಥೆ. ಅವರನ್ನು ನೌಕರರೆಂದು ತೋರಿಸದೆ ವೃತ್ತಿಪರ ಶುಲ್ಕವೆಂದು ಹಣ ಕೊಡುತ್ತಿರಬೇಕು. 2025-26ರಲ್ಲಿ ಅಂಥ ಶುಲ್ಕ ವರ್ಷಕ್ಕೆ 50,000 ದಾಟಿದರೆ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20. ಇದು ನಿಜವಾಗಿಯೂ ತೆರಿಗೆಯೇ, ಆದರೆ ಮುಂಗಡ. ಒಟ್ಟು ಆದಾಯವು ತೆರಿಗೆಯ ಮಿತಿಯೊಳಗಿದ್ದರೆ, ಫಾರ್ಮ್ 26ಎಎಸ್‌ನಲ್ಲಿ (ಅವರ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ಮೊತ್ತ ತಾಳೆ ನೋಡಿ ರಿಟರ್ನ್ಸ್ ಸಲ್ಲಿಸಲಿ, ಪೂರ್ತಿ ವಾಪಸ್ ಬರುತ್ತದೆ. ರಿಟರ್ನ್ಸ್ ಹಾಕದಿದ್ದರೆ ಆ ಹಣ ತಾನಾಗಿ ಬರುವುದಿಲ್ಲ.